ಉಳಿದ ಎಳೆ

ಡರ್ಮಟೋಫೈಬ್ರೋಸಾರ್ಕೋಮಾ ಪ್ರೊಟ್ಯೂಬರನ್ಸ್ ಒಳಚರ್ಮದಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಐವರಿಗೂ ಬರುವುದಿಲ್ಲ. 1924ರಲ್ಲಿ ಡೇರಿಯೆ ಮತ್ತು ಫೆರಾನ್ ಇದನ್ನು ವಿವರಿಸಿದರು. ಬೆನ್ನಿನ ಮೇಲೋ ಭುಜದ ಮೇಲೋ ನೋವಿಲ್ಲದ ಗಟ್ಟಿ ಗಂಟಾಗಿ ಎದ್ದು, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಕ್ಯಾನ್ಸರ್ ಎಂದು ತಿಳಿದ ದಿನ ಮನೆಯವರ ಬಾಯಲ್ಲಿ ಬರುವ ಪ್ರಶ್ನೆ ಬೇರೆಯದೇ: ಇದು ಯಾವ ಜನ್ಮದ ಕರ್ಮ?

ಸೂಕ್ಷ್ಮದರ್ಶಕದಡಿ ಈ ಗಂಟು ಹೆಣೆದ ಚಾಪೆಯಂತಿರುತ್ತದೆ. ಕದಿರಿನಂತೆ ನಡು ದಪ್ಪ, ತುದಿ ಚೂಪಾದ ಕೋಶಗಳು ಸುಳಿಸುಳಿಯಾಗಿ ಸುತ್ತಿಕೊಂಡಿರುತ್ತವೆ. ಅಂಚಿನಲ್ಲಿ ಅವು ಎಳೆಎಳೆಯಾಗಿ ಕೊಬ್ಬಿನೊಳಗೆ ಇಳಿದು, ಒಂದೊಂದು ಕೊಬ್ಬಿನ ಕೋಶವನ್ನೂ ಜೇನುಗೂಡಿನ ಕಣ್ಣಿನ ಹಾಗೆ ಬಳಸುತ್ತವೆ. ಗಂಟು ಎಲ್ಲಿ ಮುಗಿಯಿತು, ಒಳ್ಳೆಯ ಮೈ ಎಲ್ಲಿ ಶುರುವಾಯಿತು ಎಂಬುದು ಬರಿಗಣ್ಣಿಗೆ ತಿಳಿಯದು. ಹೆಚ್ಚಿನವರಲ್ಲಿ ಇದರ ಮೂಲ, 17 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಕೂಡಿಕೊಳ್ಳುವುದು. ಆಗ ಕೊಲಾಜನ್ ಜೀನಿನ ಹಿಡಿತಕ್ಕೆ ಬೆಳವಣಿಗೆಯ ಜೀನು ಸಿಕ್ಕಿ, ಕೋಶ ತನಗೆ ತಾನೇ 'ಬೆಳೆ' ಎಂದು ಹೇಳಿಕೊಳ್ಳುತ್ತದೆ. ಈ ಬದಲಾವಣೆ ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ.

ಕರ್ಮಕ್ಕೆ ಕರ್ತೃ ಬೇಕು, ಸಂಕಲ್ಪ ಬೇಕು. ಕೋಶಕ್ಕೆ ಎರಡೂ ಇಲ್ಲ. ಹಿಂದಿನ ಜನ್ಮದ ಪಾಪವೇ ಈ ರೂಪದಲ್ಲಿ ಬಂದಿದೆ ಎನ್ನುವವರಿಗೆ ಚರಕಸಂಹಿತೆಯ ವಿಮಾನಸ್ಥಾನದಲ್ಲೇ ಉತ್ತರವಿದೆ: ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ಔಷಧಿಯೇ ಬೇಕಿರಲಿಲ್ಲ, ದುರ್ಬಲ ದೈವವನ್ನು ಬಲವಾದ ಪುರುಷಪ್ರಯತ್ನ ಮೀರುತ್ತದೆ. ರೋಗಿಯ ತಲೆಯ ಮೇಲೆ ಪಾಪದ ಹೊರೆಯನ್ನೂ ಹೊರಿಸುವುದು ಶಾಸ್ತ್ರವಲ್ಲ, ನಿರ್ದಯೆ.

ಸುಶ್ರುತ ಅರ್ಬುದವನ್ನು, ಅಂದರೆ ಗಡ್ಡೆಯನ್ನು, ದುಂಡನೆಯದು, ಗಟ್ಟಿ, ಆಳಕ್ಕೆ ಬೇರುಬಿಟ್ಟದ್ದು, ತಡವಾಗಿ ಬೆಳೆಯುವಂಥದು ಎನ್ನುತ್ತಾನೆ. ಶೇಷ ಉಳಿದರೆ ಅದು ಮತ್ತೆ ಹುಟ್ಟುತ್ತದೆ ಎಂದೂ ಎಚ್ಚರಿಸುತ್ತಾನೆ. ಹೀಗೆ ಮತ್ತೆ ಹುಟ್ಟುವುದನ್ನು ಹೇಳುವ ಪುನರ್ಭವ ಎಂಬ ಮಾತು ವೇದಾಂತದಲ್ಲಿ ಮರುಜನ್ಮಕ್ಕೂ ಸಲ್ಲುತ್ತದೆ. ಉಳಿದ ಕರ್ಮದೊಡನೆಯೇ ಜೀವ ಮರಳುತ್ತದೆ ಎಂಬುದು ಬ್ರಹ್ಮಸೂತ್ರದ ಮತ. ಮಾತು ಒಂದೇ ಆದರೂ ಹೊಣೆ ಒಂದಲ್ಲ. ಅಲ್ಲಿ ಶೇಷ ಮಾಡಿದವನದು. ಇಲ್ಲಿ ಅದು ಕತ್ತಿಗೆ ಸಿಗದೆ ಉಳಿದ ಎಳೆ.

ಕುಮಟಾ ತಾಲ್ಲೂಕಿನ ಧಾರೇಶ್ವರದ ಸ್ಥಳಪುರಾಣವೂ ಒಂದು ಎಳೆಯ ಕಥೆಯೇ. ಗೋಕರ್ಣದಲ್ಲಿ ಆತ್ಮಲಿಂಗವನ್ನು ಕೀಳಲಾಗದೆ ರಾವಣ ಎಸೆದವುಗಳಲ್ಲಿ ಲಿಂಗಕ್ಕೆ ಸುತ್ತಿದ್ದ ದಾರ ಇಲ್ಲಿ ಬಿತ್ತಂತೆ. ಆತ್ಮ ಗೋಕರ್ಣದಲ್ಲೇ ಉಳಿಯಿತು, ಹರಿದು ಬಿದ್ದದ್ದು ಹೊದಿಕೆ ಮತ್ತು ಕಟ್ಟು. ಅಲ್ಲಿನ ದೇವರು ಧಾರಾನಾಥನಿಗೆ ಹರಕೆ ಹೊತ್ತ ರೋಗಿಗೂ ಇದು ಹತ್ತಿರದ ಮಾತು: ಕೆಟ್ಟದ್ದು ಮೈಯ ಎಳೆ, ರೋಗಿಯಲ್ಲ.

ಹರಕೆಯ ಜತೆಗೆ ಶಸ್ತ್ರಚಿಕಿತ್ಸೆ ಆಗಲೇಬೇಕು. ಗಂಟಿನ ಸುತ್ತ ಎರಡು-ಮೂರು ಸೆಂಟಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ ಕೆಳಗಿನ ಪೊರೆಯವರೆಗೆ ತೆಗೆಯುತ್ತಾರೆ, ಇಲ್ಲವೇ ಪದರಪದರವಾಗಿ ತೆಗೆದು ಅಂಚನ್ನೆಲ್ಲ ಪರೀಕ್ಷಿಸುತ್ತಾರೆ. ಕತ್ತರಿಸಲಾಗದ ಕಡೆ ಇಮ್ಯಾಟಿನಿಬ್ ಮಾತ್ರೆಯಿದೆ. ದೂರದ ಅಂಗಗಳಿಗೆ ಹರಡುವುದು ನೂರರಲ್ಲಿ ಐವರಿಗಿಂತ ಕಡಿಮೆ ಜನರಲ್ಲಿ. ಮರುಕಳಿಸಿದರೆ ಹೆಚ್ಚಾಗಿ ಮೊದಲ ಮೂರು ವರ್ಷಗಳಲ್ಲಿ, ಹಳೆಯ ಗಾಯದ ಜಾಗದಲ್ಲೇ. ಅದಕ್ಕೇ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ವೈದ್ಯರು ಆ ಕಲೆಯನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ.