ಹಿತ್ತಲ ಗಲ್ಲಿ

ಅಮೆರಿಕದಲ್ಲಿ ನೆಲೆಸಿರುವ ನನ್ನ ಅಣ್ಣನ ಮಗನು ಕಳೆದ ಬೇಸಗೆಯಲ್ಲಿ ಬಸವನಗುಡಿಯ ನಮ್ಮ ಮನೆಗೆ ಬಂದಿದ್ದಾಗ, ತಾನು ಕೊಂಡುಕೊಂಡಿರುವ ಟ್ರೇಲರ್ ಮನೆಯ ವಿಚಾರವನ್ನು ಬಹು ಉತ್ಸಾಹದಿಂದ ವಿವರಿಸಿದನು. ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಆ ಚಕ್ರದ ಮೇಲಣ ಮನೆಯಲ್ಲಿ ಹಾಸಿಗೆ, ಒಲೆ, ಬಚ್ಚಲು, ಕಕ್ಕಸು ಎಲ್ಲವೂ ಉಂಟು. ಆದರೆ ಊರಿನ ಒಳಚರಂಡಿಯ ಸಂಬಂಧ ಅದಕ್ಕಿಲ್ಲವಾದುದರಿಂದ ಮಲವು ಒಂದು ತೊಟ್ಟಿಯಲ್ಲಿಯೂ ಬಚ್ಚಲ ನೀರು ಮತ್ತೊಂದರಲ್ಲಿಯೂ ಶೇಖರವಾಗುತ್ತವೆ. ಬರಿದುಮಾಡುವವನು ಯಜಮಾನನೇ. ಮೊದಲು ಮಲದ ತೊಟ್ಟಿಯನ್ನು ತೆರೆದು, ಬಳಿಕ ಬಚ್ಚಲ ನೀರನ್ನು ಅದೇ ಕೊಳವೆಯಲ್ಲಿ ಹರಿಯಬಿಟ್ಟು ಕೊಳವೆಯನ್ನು ತೊಳೆಯಬೇಕಂತೆ. ತೊಟ್ಟಿಯ ಒಳಮೈಗೆ ನೀರು ಚಿಮ್ಮಿಸುವ ಸಾಧನವೊಂದನ್ನೂ, ಆ ನೀರು ಹಿಮ್ಮರಳಿ ಕುಡಿಯುವ ನೀರನ್ನು ಸೇರದಂತೆ ತಡೆಯುವ ಮತ್ತೊಂದನ್ನೂ ಅವನು ಈಚೆಗೆ ಕೂರಿಸಿದ್ದನು. ಕೈಯಾರೆ ಮಲದ ತೊಟ್ಟಿಯನ್ನು ಬರಿದುಮಾಡುವಾಗ ಅಸಹ್ಯವಾಗುವುದಿಲ್ಲವೆ ಎಂದು ನಾನು ಕೇಳಿದೆ. “ಮೊದಮೊದಲು ಆಗುತ್ತಿತ್ತು ಚಿಕ್ಕಪ್ಪ. ಆದರೆ ಅದು ನಮ್ಮದೇ ತಾನೆ?” ಎಂದನು.

ಆ ಮಾತು ನನ್ನನ್ನು ಬಿಡಲಿಲ್ಲ.

ನಮ್ಮ ಬೆಂಗಳೂರಿನಲ್ಲಿ ಚಾಮರಾಜಪೇಟೆಯನ್ನು 1892ರಲ್ಲಿಯೂ, 1898ರ ಪ್ಲೇಗಿನ ತರುವಾಯ ಬಸವನಗುಡಿ ಮಲ್ಲೇಶ್ವರಗಳನ್ನೂ ರಚಿಸಿದ ಕಾಲದಲ್ಲಿ ಮನೆಗಳಿಗೆ ಎರಡು ಮುಖಗಳನ್ನು ಕಲ್ಪಿಸಿದ್ದರು. ಮುಂದೆ ಮರಗಳ ಸಾಲಿನ ವಿಶಾಲವಾದ ರಸ್ತೆ. ಹಿಂದೆ, ಮಲವನ್ನು ಸಾಗಿಸುವುದಕ್ಕೆಂದೇ ಬಿಟ್ಟ ಕಿರಿದಾದ ಕನ್ಸರ್ವೆನ್ಸಿ ಗಲ್ಲಿ. ಶಿವನಸಮುದ್ರದಲ್ಲಿ ಹುಟ್ಟಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ ವಿದ್ಯುತ್ತು ಮುಂಬಾಗಿಲಿನಿಂದ ಒಳಗೆ ಬಂದಿತು. ಸಂಜೆ ಸ್ವಿಚ್ಚನ್ನೊತ್ತಿದೊಡನೆ ನನ್ನ ಅಜ್ಜಿ ಆ ಗಾಜಿನ ಬುರುಡೆಗೂ ಎಣ್ಣೆಯ ದೀಪಕ್ಕೆ ಮುಗಿಯುವಂತೆಯೇ ಕೈಮುಗಿಯುತ್ತಿದ್ದಳು. ಬೆಳಕು ಎಲ್ಲಿಂದ ಬಂದಿತೆಂಬುದನ್ನು ತಾತನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದನು. ಹಿಂಬಾಗಿಲಿನಿಂದ ಹೋದದ್ದು ಎಲ್ಲಿಗೆ ಹೋಯಿತೆಂಬುದನ್ನು ಹೇಳಿದವರಿಲ್ಲ, ಕೇಳಿದವರೂ ಇಲ್ಲ.

ಅದೇ ಮನೆಯಲ್ಲಿ ಮಡಿಯ ಆಚಾರವು ಅತ್ಯಂತ ಸೂಕ್ಷ್ಮವಾಗಿ ನಡೆಯುತ್ತಿತ್ತು. ಅದು ಕಪಟವಾಗಿರಲಿಲ್ಲ; ಒದ್ದೆ ಸೀರೆಯಲ್ಲಿ ನಡುಗುತ್ತ ನೈವೇದ್ಯಕ್ಕೆ ಅಡುಗೆ ಮಾಡುತ್ತಿದ್ದ ಆ ಮುದುಕಿಯ ಶ್ರದ್ಧೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ನನ್ನ ಪ್ರಶ್ನೆ ಬೇರೆ: ಮತ್ತೊಬ್ಬರ ದೇಹಕ್ಕೆ ವರ್ಗಾಯಿಸಲ್ಪಟ್ಟ ಅಶೌಚವು ನನ್ನದಲ್ಲವಾಗುವುದೆ?

ಯೋಗಸೂತ್ರಗಳ ಪತಂಜಲಿಯು ಐದು ನಿಯಮಗಳಲ್ಲಿ ಶೌಚವನ್ನು ಮೊದಲನೆಯದಾಗಿ ಎಣಿಸಿದ್ದಾನೆ. ಅದರ ಫಲವಾಗಿ ಅವನು ಹೇಳುವುದು ಸ್ವಾಂಗಜುಗುಪ್ಸೆಯನ್ನು, ಎಂದರೆ ತನ್ನ ದೇಹದ ವಿಷಯದಲ್ಲಿಯೇ ಹುಟ್ಟುವ ಹೇಸಿಕೆಯನ್ನು. ಪರರೊಡನೆ ಸಂಸರ್ಗವಿಲ್ಲದಿರುವುದನ್ನೂ ಅವನು ಅದರೊಡನೆಯೇ ಹೇಳಿರುವುದು ನಿಜ. ಮಡಿವಂತರು ಇದನ್ನು ತಮ್ಮ ಪಕ್ಷಕ್ಕೆ ಒದಗಿಸಿಕೊಳ್ಳಬಹುದು. ಆದರೆ ಆ ಸೂತ್ರದ ಮೇಲಣ ವ್ಯಾಸಭಾಷ್ಯದ ತರ್ಕವನ್ನು ನಿಧಾನವಾಗಿ ನೋಡಬೇಕು: ಮಣ್ಣು ನೀರುಗಳಿಂದ ಎಷ್ಟು ತೊಳೆದರೂ ತನ್ನ ಮೈಯೇ ಶುದ್ಧವಾಗದಿರುವುದನ್ನು ಕಂಡವನು ಇತರ ದೇಹಗಳ ಸಂಗವನ್ನು ಹೇಗೆ ಬಯಸಿಯಾನು ಎಂಬುದು ಅಲ್ಲಿಯ ವಾದ. ಸಂಸರ್ಗತ್ಯಾಗಕ್ಕೆ ಕಾರಣವು ತನ್ನಲ್ಲಿರುವ ಕೊಳೆಯ ಅರಿವೇ ಹೊರತು ಎದುರಿಗಿರುವವನ ಕೀಳುತನವಲ್ಲ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿದೆವು. ಜುಗುಪ್ಸೆಯನ್ನು ನಮ್ಮಿಂದ ಕಿತ್ತು, ನಮ್ಮ ಮಲದೊಡನೆಯೇ ಬಕೀಟಿನಲ್ಲಿ ಹಾಕಿ, ಅದನ್ನು ಹೊತ್ತವರ ತಲೆಗೆ ಏರಿಸಿದೆವು. ಹಾಗೆ ಮಾಡಿ, ಉಳಿದುದನ್ನು ಶೌಚವೆಂದು ಕರೆದೆವು. ಬಾಹ್ಯಶೌಚಕ್ಕಿಂತ ಆಂತರಶೌಚವು ಮೇಲೆನ್ನುವ ಉಪದೇಶವು ಇಲ್ಲಿ ನನಗೆ ಸಮಾಧಾನ ಕೊಡಲಾರದು, ಏಕೆಂದರೆ ಬಕೀಟು ಹೊರಗಿನದೇ.

ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ವೇದಾಂತದ ಉಪನ್ಯಾಸಗಳನ್ನು ಬಾಲ್ಯದಿಂದ ಕೇಳಿ ಬೆಳೆದ ನಾನು, ಶೌಚವೆಂಬ ಪದದ ಅರ್ಥವನ್ನು ಆ ಸರ್ಕಾರಿ ಆಜ್ಞೆಯಿಂದ ಹೆಚ್ಚಾಗಿ ಕಲಿತೆನೆಂದು ಹೇಳಲು ಹಿಂಜರಿಯುವುದಿಲ್ಲ. ಕೇಂದ್ರದ ಶಾಸನಗಳು 1993ರಲ್ಲಿಯೂ 2013ರಲ್ಲಿಯೂ ಬಂದವು. ಆದರೂ ಮ್ಯಾನ್‌ಹೋಲಿಗಿಳಿದು ವಿಷವಾಯುವಿನಿಂದ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ.

ಹುಡುಗನು ಹೊರಡುವ ಮುನ್ನಾದಿನ ಹಿತ್ತಲ ಗಲ್ಲಿಯನ್ನು ನೋಡಬೇಕೆಂದನು. ಹಳೆಯ ಕಕ್ಕಸಿನ ಹಿಂಗೋಡೆಯಲ್ಲಿ ತಗಡಿನ ಪುಟ್ಟ ಬಾಗಿಲಿದ್ದ ಜಾಗವನ್ನು ಇಟ್ಟಿಗೆಯಿಂದ ಮುಚ್ಚಿ ಎಷ್ಟೋ ವರ್ಷಗಳಾಗಿದ್ದರೂ ಗಾರೆಯ ಬಣ್ಣ ಅಲ್ಲಿ ಬೇರೆಯಾಗಿಯೇ ಕಾಣುತ್ತದೆ. ನಸುಕಿನಲ್ಲಿ ಬಂದು ಆ ಬಾಗಿಲನ್ನೆತ್ತುತ್ತಿದ್ದ ಹೆಂಗಸಿನ ವಿಚಾರವನ್ನು ಅವನಿಗೆ ಹೇಳಿದೆ: ಮಳೆಯಲ್ಲಿಯೂ ತಪ್ಪದೆ ಬರುತ್ತಿದ್ದಳು, ಹಬ್ಬದ ಮಾರನೆಯ ದಿನ ತಂಗಳನ್ನಕ್ಕಾಗಿ ದೂರದಲ್ಲಿ ನಿಲ್ಲುತ್ತಿದ್ದಳು, ಕೆಮ್ಮುತ್ತಿದ್ದಳು. ಆಕೆಯ ಹೆಸರೇನೆಂದು ಅವನು ಕೇಳಿದನು. ಹದಿನೈದು ವರ್ಷಗಳ ಕಾಲ ನಮ್ಮ ಮನೆಯವರೆಲ್ಲರೂ ಆಕೆಯನ್ನು ಜಾಡಮಾಲಿಯೆಂದೇ ಕರೆದಿದ್ದೆವು.