ಒಂದು ಸೊಂಟದ ಬೆಲೆ

2017ರ ಏಪ್ರಿಲ್‌ನಲ್ಲಿ ತಂಗಿ ಅಪಘಾತದಲ್ಲಿ ತೀರಿಕೊಂಡ ಮರುದಿನವೇ ಐಸಾಯಾ ಥಾಮಸ್ ಬೋಸ್ಟನ್ ಸೆಲ್ಟಿಕ್ಸ್ ಪರ ಪ್ಲೇಆಫ್ ಆಡಿ 33 ಅಂಕ ಗಳಿಸಿದ. ಆಗಸ್ಟ್‌ನಲ್ಲಿ ತಂಡ ಅವನನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಕೈರಿ ಅರ್ವಿಂಗ್‌ನನ್ನು ತಂದಿತು. ಥಾಮಸ್‌ನ ಸೊಂಟದ ಗಾಯದ ಬಗ್ಗೆ ತಕರಾರೆದ್ದಾಗ, 2020ರ ಎರಡನೇ ಸುತ್ತಿನ ಒಂದು ಡ್ರಾಫ್ಟ್ ಆಯ್ಕೆಯನ್ನು ಸೇರಿಸಿ ಲೆಕ್ಕ ಸರಿಮಾಡಲಾಯಿತು.

ಯಾರನ್ನು ಕೊಟ್ಟು ಯಾರನ್ನು ತರಬೇಕೆಂದು ಹಾಸ್ಟೆಲಿನಲ್ಲಿ ರಾತ್ರಿಯಿಡೀ ವಾದಿಸುವವರಲ್ಲಿ ನಾನೂ ಇದ್ದೇನೆ. ಕೋಟಿಗಟ್ಟಲೆ ಸಂಬಳವಿದೆ, ಒಪ್ಪಂದಕ್ಕೆ ಸಹಿ ಹಾಕಿದವರು ಅವರೇ; ಹಾಗಾಗಿ ವಿನಿಮಯ ಅನ್ಯಾಯವಲ್ಲ ಎನ್ನುತ್ತೇವೆ. ಒಪ್ಪೋಣ. ಆದರೆ ಆಟಗಾರ ತಾನಾಗಿ ತಂಡ ಬಿಟ್ಟರೆ ಅದನ್ನು ದ್ರೋಹವೆಂದೂ, ತಂಡ ಅವನನ್ನು ಬಿಟ್ಟರೆ ಜಾಣತನವೆಂದೂ ಕರೆಯುವುದೇಕೆ? ಒಪ್ಪಂದವೇ ಮುಖ್ಯವಾದರೆ ಇಬ್ಬರಿಂದಲೂ ನಿಷ್ಠೆ ಕೇಳಬಾರದು. ನಿಷ್ಠೆಯೇ ಮುಖ್ಯವಾದರೆ, ಸಾವಿನ ಮರುದಿನ ಅಂಗಳಕ್ಕಿಳಿದವನ ಋಣ ಇನ್ನೂ ಬಾಕಿಯಿದೆ.