ಎಣಿಕೆಗೆ ಸಿಗದ ಹಿಂಸೆ

ಕೊಲ್ಲದಿರುವುದೇ ಅಹಿಂಸೆಯ ಪೂರ್ಣರೂಪವೇ? ಕೊಲ್ಲುವವರು ಇಲ್ಲದಿದ್ದರೂ ಒಂದು ಪ್ರಾಣಿಸಂಕುಲವು ತನ್ನೊಳಗಿನಿಂದಲೇ ಕ್ಷಯಿಸಬಹುದೆಂದು ತಿಳಿದಾಗ ಈ ಪ್ರಶ್ನೆ ಏಳುತ್ತದೆ.

ಹುಮನಾಬಾದ್, ಹುಡಗಿ, ಬಸವಕಲ್ಯಾಣಗಳನ್ನೊಳಗೊಂಡ ಬೀದರ್ ಜಿಲ್ಲೆಯ ಬಯಲುಗಳಲ್ಲಿ ಇಂದಿಗೂ ಕೃಷ್ಣಮೃಗಗಳಿವೆ. 1972ರ ವನ್ಯಜೀವಿ ಕಾಯಿದೆಯು ಅವುಗಳ ಬೇಟೆಯನ್ನು ತಡೆದಿದೆ. ಆದರೆ ಹುಲ್ಲುಗಾವಲು ಹೊಲವಾಗಿ, ಹೊಲ ನಿವೇಶನವಾಗಿ, ನಡುವೆ ಹೆದ್ದಾರಿ ಹಾದಾಗ ಹಿಂಡು ಹಿಂಡನ್ನು ಸೇರಲಾರದ ಭಯವಿದೆ.

ಇಂಥ ಪ್ರಾಣಿಯು ಬಹುಪಾಲು ವಂಶವಾಹಿಗಳ ಎರಡೆರಡು ಪ್ರತಿಗಳನ್ನು ತಂದೆತಾಯಿಗಳಿಂದ ಪಡೆಯುತ್ತದೆ. ಒಂದರ ದೋಷವನ್ನು ಮತ್ತೊಂದು ಬಹುಮಟ್ಟಿಗೆ ಮರೆಸುತ್ತದೆ. ಚಿಕ್ಕ ಹಿಂಡಿನಲ್ಲಿ ರಕ್ತಸಂಬಂಧಿಗಳೇ ಕೂಡುವುದರಿಂದ ಒಂದೇ ದೋಷವು ಎರಡೂ ಕಡೆಯಿಂದ ಬರುವ ಸಂಭವ ಹೆಚ್ಚುತ್ತದೆ, ಸಂತತಿ ದುರ್ಬಲವಾಗುತ್ತದೆ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ತಲೆಗಳ ಎಣಿಕೆ ವರ್ಷದ ವಹಿವಾಟು, ವಂಶವೈವಿಧ್ಯವೇ ಮೂಲಧನ. ವಹಿವಾಟು ಚೆನ್ನಾಗಿ ಕಾಣುತ್ತಿರುವಾಗಲೇ ಮೂಲಧನ ಕರಗುತ್ತಿರಬಹುದು.

ಇದು ಬರಿಯ ಊಹೆಯಲ್ಲ. ಒಡಿಶಾದ ಸಿಮಿಲಿಪಾಲದ ಹುಲಿಗಳಲ್ಲಿ ಕಾಣುವ ದಟ್ಟ ಕಪ್ಪುಪಟ್ಟೆಗಳಿಗೆ ಒಂದೇ ವಂಶವಾಹಿಯ ಮಾರ್ಪಾಡು ಕಾರಣವೆಂದು 2021ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ತೋರಿಸಿದರು. ಆ ಬಣ್ಣ ರೋಗವಲ್ಲ. ಏಕಾಂಗಿಯಾದ ಸಣ್ಣ ಸಂಕುಲದ ಗುರುತು. ಅಮೆರಿಕದ ಫ್ಲೋರಿಡಾದಲ್ಲಿ ಕೆಲವೇ ಪ್ಯೂಮಾಗಳು ಉಳಿದು, ಅವುಗಳಲ್ಲಿ ಹೃದಯದೋಷ, ಸಂತಾನದೋಷಗಳು ಕಾಣಿಸಿದವು. 1995ರಲ್ಲಿ ಟೆಕ್ಸಾಸಿನಿಂದ 8 ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟ ಮೇಲೆ ಸಂಕುಲ ಚೇತರಿಸಿಕೊಂಡಿತು.

ಆದರೆ ಈ ಉಪಾಯವೂ ನಿರ್ದೋಷವಲ್ಲ. ಸೆರೆ, ಅರಿವಳಿಕೆ, ದೂರದ ಪ್ರಯಾಣ, ಅಪರಿಚಿತ ನೆಲ ಇವೆಲ್ಲ ಆ ಜೀವಿಗೆ ನೋವೇ. ಹುಟ್ಟಲಿರುವವುಗಳ ಹಿತಕ್ಕಾಗಿ ಬದುಕಿರುವುದನ್ನು ನೋಯಿಸಬಹುದೇ? ಹಿಂಡುಗಳನ್ನು ಅಗಲಿಸಿದವನು ಮನುಷ್ಯನೇ ಆಗಿರುವಾಗ ಕೈಕಟ್ಟಿ ಕೂಡುವುದು ನಿರ್ಲಿಪ್ತತೆ ಎನಿಸದು. ಆದರೂ ಸ್ಥಳಾಂತರವು ಕೊನೆಯ ಮಾರ್ಗವಾಗಬೇಕು. ಇರುವ ದಾರಿಗಳನ್ನು ಮುಚ್ಚದಿರುವುದು ಮೊದಲನೆಯದು.

ಜೀವದಯೆಯೆಂದರೆ ಆವರಣ ಕಟ್ಟಿ ಮೇವು ಹಾಕುವುದೆಂದು ಶ್ರಾವಕರೂ ಬಸದಿಯ ಟ್ರಸ್ಟುಗಳೂ ಭಾವಿಸುವುದುಂಟು. ಗಾಯಗೊಂಡ ಪ್ರಾಣಿಗೆ ಅದು ಆಸರೆ ನಿಜ; ಸ್ವತಂತ್ರ ಹಿಂಡಿಗಾದರೋ ಅದು ತಲೆಮಾರುಗಳ ಸೆರೆ. ಅದೇ ದ್ರವ್ಯವು ಹಿಂಡುಗಳ ನಡುವಣ ಬಯಲನ್ನು ತೆರೆದಿಡಲು ವಿನಿಯೋಗವಾದರೆ ದಯೆ ದೂರ ಹೋಗುತ್ತದೆ. ಜಿಂಕೆ ಮೇಯುವುದು ರೈತನ ಕಡಲೆ, ಜೋಳದ ಹೊಲದಲ್ಲಿ. ಅವನ ನಷ್ಟದಲ್ಲಿ ಪಾಲುಗೊಳ್ಳದೆ ಆಚರಿಸುವ ಅಹಿಂಸೆಯು ಪರರ ಖರ್ಚಿನಲ್ಲಿ ಮಾಡಿದ ದಾನವಾಗುತ್ತದೆ.